ಡಿಸೆಂಬರ್-ಜನವರಿ ಸಂತೆ: ಸೊಗಡವರೆ, ಕಡ್ಲೆಸೊಪ್ಪು, ಗುಳ್ಳ... ಈ ವಾರ ಏನೇನ್ ತಂದ್ರಿ, ಏನ್ ಮಾಡಿದ್ರಿ?

ವಿಜಯನಗರ ಅಡುಗೆಮನೆ

ಎಲ್ರಿಗೂ ನಮಸ್ಕಾರ. ಚಳಿ ಬಂತು, ಸಂತೆ ತುಂಬ್ಕೊಂಡಿದೆ, ಅದಕ್ಕೇ ಈ ಥ್ರೆಡ್. ನಮ್ ಕಡೆ ಈ ವಾರ ಮಾಗಡಿ ಅವರೆಕಾಯಿ ಗುಡ್ಡೆ ಗುಡ್ಡೆ ಬಂದಿದೆ, ಜೊತೆಗೆ ತೊಗರಿಕಾಯಿ, ಸಬ್ಸಿಗೆ, ಎಳೇ ಮೆಂತ್ಯ, ಗೆಣಸು, ಬೆಟ್ಟದ ನೆಲ್ಲಿಕಾಯಿ, ಒಬ್ರು ಅಜ್ಜಿ ಹತ್ರ ಮಾವಿನ ಶುಂಠೀನೂ ಇತ್ತು. ನಿಮ್ಮೂರಲ್ಲಿ ಏನ್ ಬಂದಿದೆ, ಅದ್ರಲ್ಲಿ ಏನ್ ಮಾಡ್ತಿದೀರಾ ಬರೀರಿ. ಅಳತೆ ಸಮೇತ ಬೇಕು ಅಂತೇನಿಲ್ಲ, ಮನೇಲಿ ಕೈಯಳತೆಲಿ ಹೆಂಗ್ ಮಾಡ್ತೀರೋ ಹಂಗೇ ಸಾಕು.

ನಂದು ಒಂದೇ ಮಾತು, ಸಂತೆಗೆ ಹೋಗೋವಾಗ ಮೆನು ತಲೇಲಿ ಇಟ್ಕೊಂಡು ಹೋಗ್ಬೇಡಿ. ಕ್ಯಾಪ್ಸಿಕಂ ಬೇಕು, ಬೀನ್ಸ್ ಬೇಕು, ಹೂಕೋಸು ಬೇಕು ಅಂತ ಚೀಟಿ ಬರ್ಕೊಂಡು ಹೋದ್ರೆ ಆ ಮೂರೂ ಸಿಗತ್ತೆ, ವರ್ಷ ಪೂರ್ತಿ ಸಿಗತ್ತೆ, ಆದ್ರೆ ಪಕ್ಕದಲ್ಲೇ ಇರೋ ಎರಡೇ ತಿಂಗಳ ಮಾಲು ಕಣ್ಣಿಗೆ ಬೀಳಲ್ಲ. ಏನ್ ಬಂದಿದೆ ನೋಡಿ, ಮಾರೋರನ್ನೇ "ಯಾವತ್ತು ಕಿತ್ತಿದ್ದು, ನೀವು ಮನೇಲಿ ಏನ್ ಮಾಡ್ತೀರಾ" ಅಂತ ಕೇಳಿ, ಆಮೇಲೆ ಅಡುಗೆ ತೀರ್ಮಾನ ಮಾಡಿ.

ಮತ್ತೆ ನಂದೂ ಒಂದು ಪ್ರಶ್ನೆ ಇದೆ. ಎರಡ್ಮೂರು ವರ್ಷದಿಂದ ಅವರೆಕಾಯಿಲಿ ಮೊದಲಿನ ಸೊಗಡು ಇಲ್ಲ ಅಂತ ಮನೇಲಿ ಎಲ್ರೂ ಹೇಳ್ತಾರೆ. ಒಂದು ವಾರದ ಕಾಯಿ ಘಂ ಅನ್ನತ್ತೆ, ಇನ್ನೊಂದು ವಾರದ್ದು ಬರೀ ಹಸಿ ಹಸಿ. ಇದಕ್ಕೆ ಕಾರಣ ಗೊತ್ತಿರೋರು ಹೇಳಿ.

ಕೋಲಾರದ ಹೊಲ

ಮೇಡಂ ನಾನು ಹೇಳ್ತೀನಿ, ಬಿಎಸ್ಸಿ ಅಗ್ರಿ ಓದಿ ಊರಿಗೇ ವಾಪಸ್ ಬಂದು ಅವರೆ ಬೆಳೀತಿರೋನು. ಸೊಗಡು ಇರೋದು ಕಾಳಲ್ಲಲ್ಲ, ಕಾಯಿ ಸಿಪ್ಪೆ ಮೇಲೆ. ಸಿಪ್ಪೆ ಮೇಲೆ ಎಣ್ಣೆ ಥರ ಒಂದು ಜಿಡ್ಡು ಬರತ್ತೆ, ಅದ್ರಲ್ಲಿರೋ ಡೋಡೆಸೆನೋಯಿಕ್, ಟೆಟ್ರಾಡೆಸೆನೋಯಿಕ್ ಅನ್ನೋ ಕೊಬ್ಬಿನಾಮ್ಲಗಳೇ ಆ ವಾಸನೆಗೆ ಕಾರಣ. ಸುಲಿದ ಮೇಲೆ ಬೆರಳು ಅಂಟಂಟಾಗಿ ಸೋಪು ಹಾಕಿದ್ರೂ ವಾಸನೆ ಹೋಗಲ್ವಲ್ಲ, ಅದೇ ಇದು.

ಈಗ ನಿಮ್ಮ ಪ್ರಶ್ನೆಗೆ. ನಾಟಿ ಅವರೆ ಹಗಲು ಗಿಡ್ಡ ಆದ್ರೆ ಮಾತ್ರ ಹೂ ಬಿಡೋ ಗಿಡ. ಮುಂಗಾರಲ್ಲಿ ರಾಗಿ ಜೊತೆ ಅಕ್ಕಡಿ ಸಾಲಲ್ಲಿ, ಅಂದ್ರೆ ರಾಗಿ ಸಾಲುಗಳ ಮಧ್ಯ ಹಾಕ್ತೀವಿ, ರಾಗಿ ಕೊಯ್ಲು ಆಗೋ ಹೊತ್ತಿಗೆ ಅವರೆ ಹಬ್ಬಿ ಹೂ ತುಂಬಿರತ್ತೆ, ಆಮೇಲೆ ಇಬ್ಬನಿ ಬಿದ್ದಂಗೆಲ್ಲ ಕಾಯಿ ಕಟ್ಟತ್ತೆ. ಬಿತ್ತನೆ ಎಷ್ಟು ಬೇಗ ಮಾಡಿದ್ರೂ ಅದು ಅದರ ಟೈಮಿಗೇ ಬರೋದು. ಜಿಕೆವಿಕೆ ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿರೋ ಹೆಬ್ಬಾಳ ಅವರೆ ಅಂದ್ರೆ ಎಚ್‌ಎ-3, ಎಚ್‌ಎ-4 ಇವಕ್ಕೆ ಹಗಲಿನ ಲೆಕ್ಕ ಇಲ್ಲ, ಗಿಡ್ಡ ಗಿಡ, ಯಾವಾಗ ಬಿತ್ತಿದ್ರೂ ಕಾಯಿ ಬಿಡತ್ತೆ. ಹಂಗಾಗಿ ಈಗ ಮೇ ತಿಂಗಳಲ್ಲೂ ಮಾರ್ಕೆಟ್ಟಲ್ಲಿ ಅವರೆಕಾಯಿ ಕಾಣೋದು. ತಳಿದೊಂದೇ ತಪ್ಪು ಅಂತ ನಾನು ಒಪ್ಪಲ್ಲ, ಅದೇ ಎಚ್‌ಎ-4 ಚಳಿಲಿ ಇಬ್ಬನಿ ಕುಡಿದು ಬಂದ್ರೆ ವಾಸನೆ ಚೆನ್ನಾಗೇ ಇರತ್ತೆ, ಬೇಸಿಗೇಲಿ ನೀರು ಕಟ್ಟಿ ಬೆಳೆದದ್ದಕ್ಕೆ ಆ ಘಮ ಬರಲ್ಲ. ನಮ್ ಹೊಲದಲ್ಲಿ ನೋಡಿರೋದು ಇದು. ಡಿಸೆಂಬರ್‌ನಲ್ಲಿ ಮೋಡ ಮಳೆ ಹಿಡ್ಕೊಂಡ್ರೆ ನಾಟಿದೂ ಸಪ್ಪೆ, ಮೇಲಿಂದ ಹೂ ಉದುರಿ ಹೋಗತ್ತೆ.

ತಗೊಳೋವಾಗ ಕಾಯಿನ ಮುಷ್ಟಿಲಿ ಹಿಡಿದು ಬಿಡಿ, ಅಂಗೈ ಮೂಸಿ ನೋಡಿ. ಜಿಡ್ಡು ಅಂಟಿದ್ರೆ ತಗೊಳ್ಳಿ. ನೋಡಕ್ಕೆ ಥಳಥಳ ಅಂತ ಒಂದೇ ಸೈಜಲ್ಲಿ ಇದೆ ಅಂತ ಮರುಳಾಗ್ಬೇಡಿ. ಒಂದೆರಡು ಕಾಯಿ ಹುಳ ಕೊರೆದಿದ್ರೆ ಎಲ್ಲಾ ಬಿಸಾಕ್ಬೇಡಿ, ಕಾಯಿಕೊರಕ ಈ ಬೆಳೆಗೆ ಇದ್ದಿದ್ದೇ, ಒಂದೂ ಹುಳ ಇಲ್ದೇ ಇರ್ಬೇಕು ಅಂತ ಗಿರಾಕಿ ಹಠ ಹಿಡಿದ್ರೆ ನಾವು ಇನ್ನೊಂದು ಸಲ ಔಷಧಿ ಹೊಡೀಬೇಕಾಗತ್ತೆ.

ವಿಜಯನಗರ ಅಡುಗೆಮನೆ

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಸಿಪ್ಪೆಲೇ ಸೊಗಡು ಅನ್ನೋದು ನಮ್ಮತ್ತೆ ಕೈಲಿ ನೋಡಿ ಗೊತ್ತಿತ್ತು. ಅವ್ರು ಕಾಯಿನ ಮೊದ್ಲೇ ತೊಳೆದು ಬಟ್ಟೆ ಮೇಲೆ ಆರಿಸಿ ಆಮೇಲೆ ಸುಲೀತಾರೆ, ಸುಲಿದ ಕಾಳನ್ನ ಮತ್ತೆ ತೊಳೆಯಲ್ಲ. ಒಳ್ಳೆ ಎಳೇ ಸಿಪ್ಪೆ ಒಂದು ಹಿಡಿ ಆರಿಸಿ ನೀರಲ್ಲಿ ಐದು ನಿಮಿಷ ಕುದಿಸಿ ಸೋಸಿ, ಆ ನೀರಲ್ಲೇ ಕಾಳು ಬೇಯಿಸ್ತಾರೆ. ಉಪ್ಪಿಟ್ಟಿಗೂ ಅದೇ ನೀರು. ಮನೆ ಬಾಗ್ಲಲ್ಲೇ ಗೊತ್ತಾಗತ್ತೆ ಒಳಗೆ ಏನ್ ಆಗ್ತಿದೆ ಅಂತ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಫ್ರಿಜ್ಜಲ್ಲಿ ಇಟ್ರೆ ಎರಡೇ ದಿನಕ್ಕೆ ವಾಸನೆ ಸತ್ತೋಗತ್ತೆ, ಬುಟ್ಟಿಲಿ ಹರವಿ ಇಡಿ, ತಂದ ದಿನ ಇಲ್ಲಾ ಮಾರನೇ ದಿನ ಮುಗ್ಸಿ.

ಮಂಡ್ಯ ಮುದ್ದೆ

ಅಕ್ಕಾ ಎಲ್ಲಾ ಸರಿ, ಹಿತಕಿದ ಬೇಳೆ ಸಾರು ಹೆಂಗ್ ಮಾಡ್ತೀರಾ ಅದನ್ನ ಹೇಳಿ. ನಮ್ಮನೇಲಿ ಚಕ್ಕೆ ಲವಂಗ ಗಸಗಸೆ ಈರುಳ್ಳಿ ಎಲ್ಲಾ ಹುರಿದು ರುಬ್ಬಿ ಹಾಕ್ತೀವಿ, ಮುದ್ದೆ ಜೊತೆ ಅದೇ ಸರಿ. ಕೆಲವ್ರು ಬರೀ ಕೊತ್ತಂಬರಿ ಹಸಿಮೆಣಸಿನ್ಕಾಯಿ ಹಾಕಿ ಸಪ್ಪೆ ಮಾಡ್ತಾರೆ, ಅದು ನಂಗೆ ಸೇರಲ್ಲ.

ವಿಜಯನಗರ ಅಡುಗೆಮನೆ

ಸಪ್ಪೆ ಅಲ್ಲಪ್ಪಾ ಅದು! ಚಕ್ಕೆ ಲವಂಗ ಬಿದ್ರೆ ಸೊಗಡು ಕೆಳಗೆ ಹೋಗ್ಬಿಡತ್ತೆ, ಆಮೇಲೆ ಅದಕ್ಕೆ ಅವರೆ ಹಾಕಿದ್ರೂ ಒಂದೇ ಬಟಾಣಿ ಹಾಕಿದ್ರೂ ಒಂದೇ. ಸೊಗಡಿರೋ ಕಾಯಿಗೆ ನಾನು ಮಾಡೋದು ಹಿಂಗೆ. ಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತುಕಿ. ಹೆಬ್ಬೆರಳು ತೋರುಬೆರಳ ಮಧ್ಯ ಕಾಳಿನ ಹೊಟ್ಟೆ ಹಿಡಿದು ಒತ್ತಿದ್ರೆ ಚಿಮ್ಮಿ ಬರತ್ತೆ, ಬಗ್ಗಿಸಿ ಪಾತ್ರೆ ಒಳಗೇ ಒತ್ತಿ ಇಲ್ಲಾ ಅಂದ್ರೆ ಅರ್ಧ ಬೇಳೆ ನೆಲದ ಮೇಲೆ. ಹಸಿ ಕೊಬ್ಬರಿ ಅರ್ಧ ಬಟ್ಲು, ಕೊತ್ತಂಬರಿ ಒಂದು ದೊಡ್ಡ ಹಿಡಿ ದಂಟು ಸಮೇತ, ಹಸಿಮೆಣಸಿನ್ಕಾಯಿ ಖಾರಕ್ಕೆ ತಕ್ಕಂಗೆ, ಜೀರಿಗೆ, ಒಂದು ಚಮಚ ಹುರಿಗಡ್ಲೆ, ಬೆರಳ ತುದಿಯಷ್ಟು ಶುಂಠಿ, ಇಷ್ಟೇ ನುಣ್ಣಗೆ ರುಬ್ಬಿ. ಬೇಳೆನ ಕುಕ್ಕರಿಗೆ ಹಾಕ್ಲೇಬಾರ್ದು, ಒಡೆದು ಗಂಜಿ ಆಗತ್ತೆ. ತೆರೆದ ಪಾತ್ರೇಲಿ ಹತ್ತು ಹನ್ನೆರಡು ನಿಮಿಷ, ಒಂದು ಬೇಳೆ ತೆಗೆದು ಉಗುರಲ್ಲಿ ಒತ್ತಿದ್ರೆ ಎರಡು ಹೋಳಾಗ್ಬೇಕು ಆದ್ರೆ ಹಿಸುಕಿ ಹೋಗ್ಬಾರ್ದು, ಆವಾಗ ಮಸಾಲೆ ಉಪ್ಪು ಹಾಕಿ ಒಂದೇ ಕುದಿ. ಒಗ್ಗರಣೆಗೆ ತುಪ್ಪ, ಸಾಸ್ವೆ, ಇಂಗು, ಕರಿಬೇವು. ಈರುಳ್ಳಿ ಇಲ್ಲ. ಅಕ್ಕಿರೊಟ್ಟಿಗೂ ಆಗತ್ತೆ, ಮುದ್ದೆಗೂ ಆಗತ್ತೆ.

ಸೀಸನ್ ಕೊನೇಲಿ ಬಲಿತು ಗಟ್ಟಿ ಆದ ಕಾಳು ಬರತ್ತಲ್ಲ, ಅದಕ್ಕೆ ನಿಮ್ ಮಸಾಲೆ ಹಾಕಿ, ಅಲ್ಲಿ ನಾನೂ ಹಾಕ್ತೀನಿ.

ಮಂಡ್ಯ ಮುದ್ದೆ

ಆಯ್ತು ಅಕ್ಕ ಈ ಭಾನ್ವಾರ ನಿಮ್ ಥರ ಮಾಡಿ ನೋಡ್ತೀನಿ. ಆದ್ರೆ ಬಸ್ಸಾರಿಗೆ ಮಾತ್ರ ನಾನು ರಾಜಿ ಆಗಲ್ಲ. ಅವರೆಕಾಳು ಮುಕ್ಕಾಲು ಬೆಂದ್ಮೇಲೆ ಸಬ್ಸಿಗೆ ಇಲ್ಲಾ ದಂಟಿನ ಸೊಪ್ಪು ಹಾಕಿ ಬೇಯಿಸಿ ಬಸಿದ್ಬುಟ್ಟು, ಆ ಬಸಿದ ನೀರಿಗೆ ಸುಟ್ಟ ಈರುಳ್ಳಿ ಬೆಳ್ಳುಳ್ಳಿ, ಒಣಮೆಣಸಿನ್ಕಾಯಿ, ಧನಿಯ, ಮೆಣಸು ಜೀರಿಗೆ, ಕಾಯಿ, ಹುಣಸೆಹಣ್ಣು ಜೊತೆಗೆ ಬೆಂದಿರೋ ಕಾಳು ಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿ ಹಾಕ್ಬೇಕು, ಆ ಒಂದು ಸೌಟು ಕಾಳೇ ಸಾರಿಗೆ ಮೈ ಕೊಡೋದು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಕಾಯಿ ತುರಿದ್ರೆ ಪಲ್ಯ ಆಯ್ತು. ಮಾರನೇ ದಿನ ಕಾಯಿಸಿದ ಬಸ್ಸಾರು ಇನ್ನೂ ರುಚಿ.

ಬೀದರ್ ಮಂದಿ

ನಿಮ್ ಅವರಿಕಾಯಿ ಮಾತು ಭಾಳ ಛಂದ ನಡದದ, ನಮ್ ಕಡಿದೂ ಜರಾ ಕೇಳ್ರಿ. ನಮ್ಮಲ್ಲಿ ಈ ದಿನದಾಗ ಎಳ್ಳ ಅಮವಾಸಿ ಬರ್ತದ. ಹೊಲಕ್ಕ ಬುತ್ತಿ ಕಟಗೊಂಡು ಹೋಗಿ ಪೂಜಾ ಮಾಡಿ ಚರಗ ಚೆಲ್ಲಿ (ಬುತ್ತಿದಾಗಿಂದು ಜರಾ ಹೊಲಕ್ಕ ಚೆಲ್ಲೂದು) ಅಲ್ಲೇ ಎಲ್ಲಾರೂ ಕೂಡಿ ಊಟ ಮಾಡ್ತೀವಿ. ಅವತ್ತಿನ ಊಟದಾಗ ಮುಖ್ಯ ಅಂದ್ರ ಭಜ್ಜಿ. ನಿಮ್ ಕಡಿ ಎಣ್ಣ್ಯಾಗ ಕರೀತಾರಲ್ಲ ಅದಲ್ಲರಿ, ಇದು ಪಲ್ಯಾ. ಆ ಟೈಮಿಗಿ ಹೊಲದಾಗ ಸಂತ್ಯಾಗ ಏನೇನ್ ಹಸಿದು ಸಿಗ್ತದೋ ಎಲ್ಲಾ ಅದಕ್ಕ ಬೀಳ್ತದ: ಹಸಿ ತೊಗರಿ ಕಾಳ, ಹಸಿ ಕಡ್ಲಿ, ಅವರಿ ಕಾಳ, ವಟಾಣಿ, ಹಸಿ ಶೇಂಗಾ, ಗಜ್ರಿ, ಬದ್ನಿಕಾಯಿ, ಮೆಂತಿ ಪಲ್ಯಾ, ಉಳ್ಳಾಗಡ್ಡಿ ತಪ್ಲಾ (ತಪ್ಲಾ ಅಂದ್ರ ನಿಮ್ ಸೊಪ್ಪು). ಮೊದ್ಲ ಕಾಳ ಕುದಸ್ಬೇಕು, ಆಮ್ಯಾಗ ತಪ್ಲಾ ಹಾಕ್ಬೇಕು, ಹಸಿ ಮೆಣಸಿನಕಾಯಿ ಬಳ್ಳೊಳ್ಳಿ ಜಜ್ಜಿ ಹಾಕಿ, ಹುಳಿ ಮಜ್ಜಿಗಿದಾಗ ಕಡ್ಲಿ ಹಿಟ್ಟು ಕಲಸಿ ಹೊಯ್ದು ಸಣ್ಣ ಉರಿ ಮ್ಯಾಲ ತಿರುವ್ತಾ ಕುದಸ್ಬೇಕು. ತಿರುವೋದು ಬಿಟ್ರ ಮಜ್ಜಿಗಿ ಒಡೀತದ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಜೋಡಿ ತಿನ್ಬೇಕು, ಮ್ಯಾಲ ಅಂಬಲಿ ಕುಡೀಬೇಕು.

ಇನ್ನೊಂದ್ ಹೇಳ್ತೀನಿ, ಕಡ್ಲಿ ತಪ್ಲಾ. ಕಡ್ಲಿ ಗಿಡ ಹೂವಿಗಿ ಬರೂಕಿಂತ ಮುಂಚೆ ಕುಡಿ ಚಿವುಟ್ತಾರ, ಚಿವುಟಿದ್ರ ಗಿಡ ಟೊಂಗಿ ಒಡೀತದ, ಕಾಯಿ ಹೆಚ್ಚು ಹಿಡೀತದ, ನಮಗ ಪಲ್ಯಾ ಸಿಗ್ತದ. ಎಲಿ ಮ್ಯಾಲೇ ಹುಳಿ ಇರ್ತದ, ಚಿವುಟಿದ ಕೈ ನೆಕ್ಕಿದ್ರ ಗೊತ್ತಾಗ್ತದ, ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಅಂತಾರ ಅದಕ್ಕ. ಹಿಂಗಾಗಿ ಹುಣಸಿ ಹಾಕೂ ಕೆಲಸಿಲ್ಲ. ತೊಗರಿ ಬ್ಯಾಳಿ ಇಲ್ಲಾ ಜ್ವಾಳದ ನುಚ್ಚು ಹಾಕಿ ಕುದಿಸಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ರ ಮುಗೀತು. ನೆರಳಾಗ ಒಣಗಿಸಿ ಡಬ್ಬ್ಯಾಗ ಹಾಕಿಟ್ರ ಮಳಿಗಾಲತನಾ ಬರ್ತದ. ಬೆಂಗಳೂರಾಗ ಇದು ಕಾಣ್ಸಲ್ಲ, ನಮ್ ಕಡಿಯವರು ಯಾರರೆ ಊರಿಂದ ಬಂದ್ರ ಒಣಗಿಸಿದ್ದು ತರ್ಸಕೊಳ್ರಿ.

ಹೊಸ ಒಲೆ

ಅಣ್ಣಾ ಅಕ್ಕಂದಿರೇ, ನಾನು ಪಿಜಿ ಬಿಟ್ಟು ರೂಮ್ ಮಾಡಿ ಈಗಷ್ಟೇ ಅಡುಗೆ ಕಲೀತಿದೀನಿ, ಒಂದು ಒಲೆ ಒಂದು ಕುಕ್ಕರ್ ಒಂದು ಬಾಣಲೆ ಇರೋದು. ರಾತ್ರಿ ಆಫೀಸಿಂದ ಬಂದು ಹಿತುಕಿ ಎಲ್ಲಾ ಮಾಡಕ್ಕಾಗಲ್ಲ. ಸೀಸನ್‌ದು ಏನಾದ್ರೂ ಅರ್ಧ ಗಂಟೇಲಿ ಆಗೋದು ಹೇಳಿ ಪ್ಲೀಸ್. ಮತ್ತೆ ಒಬ್ಬನಿಗೆ ಎಷ್ಟು ಕಾಯಿ ತಗೋಬೇಕು?

ವಿಜಯನಗರ ಅಡುಗೆಮನೆ

ಒಂದು ಕೆಜಿ ಕಾಯಿ ತಂದ್ರೆ ಸುಲಿದ ಕಾಳು ಅರ್ಧ ಕೆಜಿಗಿಂತ ಕಮ್ಮೀನೇ ಬರೋದು, ನಿಮಗೆ ಎರಡು ಸಲಕ್ಕೆ ಸಾಕು. ಅವರೆಕಾಳು ಸಬ್ಸಿಗೆ ಉಪ್ಪಿಟ್ಟು ಮಾಡಿ ಮರಿ. ಕಾಳು ಕುಕ್ಕರಲ್ಲಿ ಚೂರು ಉಪ್ಪು ಹಾಕಿ ಒಂದೇ ವಿಷಲ್, ಎಳೆದಾದ್ರೆ ವಿಷಲ್ಲೂ ಬೇಡ. ಅದು ಬೇಯೋವಾಗ ಬಾಣಲೇಲಿ ಬನ್ಸಿ ರವೆ ಹುರಿದಿಟ್ಕೋ. ಆಮೇಲೆ ಎಣ್ಣೆ, ಸಾಸ್ವೆ, ಕಡ್ಲೆಬೇಳೆ, ಹಸಿಮೆಣಸಿನ್ಕಾಯಿ, ಕರಿಬೇವು, ಹೆಚ್ಚಿದ ಸಬ್ಸಿಗೆ ಒಂದು ಕಟ್ಟು, ಬಾಡಿದ ಮೇಲೆ ಬೆಂದ ಕಾಳು ಅದರ ನೀರು ಸಮೇತ, ಕುದಿ ಬಂದ್ಮೇಲೆ ರವೆ. ಕೊನೇಲಿ ತುಪ್ಪ, ಕಾಯಿತುರಿ, ಅರ್ಧ ನಿಂಬೆಹಣ್ಣು. ಕಾಳು ಬೆಂದ ನೀರು ಚೆಲ್ಲಬೇಡ, ರುಚಿಯೆಲ್ಲ ಅದ್ರಲ್ಲೇ ಇರೋದು.

ಅದೂ ಬೇಡ ಅನ್ನಿಸಿದ ದಿನ ಗೆಣಸು ಬೇಯಿಸ್ಕೋ, ಇಲ್ಲಾ ತೊಗರಿಕಾಯಿನ ಸಿಪ್ಪೆ ಸಮೇತ ಉಪ್ಪುನೀರಲ್ಲಿ ಬೇಯಿಸಿ ಟಿವಿ ನೋಡ್ತಾ ಸುಲ್ಕೊಂಡು ತಿನ್ನು, ರಾತ್ರಿ ಊಟಕ್ಕೆ ಅಷ್ಟೇ ಸಾಕಾಗತ್ತೆ.

ಉಡುಪಿ ಕಡೆಯವಳು

ನಮ್ಮಲ್ಲಿ ಈಗ ಮಟ್ಟುಗುಳ್ಳ ಶುರು ಆಗಿದೆ ಮಾರಾಯ್ರೆ. ಕಟಪಾಡಿ ಹತ್ರ ಮಟ್ಟು ಅಂತ ಊರು ಉಂಟು, ಭತ್ತದ ಕೊಯ್ಲಾದ ಗದ್ದೆಯಲ್ಲಿ ಬೆಳೆಯೋದು, 2011ರಲ್ಲಿ ಜಿಐ (ಇದು ಇಂಥ ಊರಿನದ್ದೇ ಬೆಳೆ ಅಂತ ಸರಕಾರದ ಗುರುತು) ಸಿಕ್ಕಿದೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟದ್ದು ಅಂತ ನಂಬಿಕೆ, ಪರ್ಯಾಯದ (ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ) ಸಮಯ ಉಡುಪಿ ಮಠಕ್ಕೆ ಹೊರೆಕಾಣಿಕೆಯಲ್ಲಿ ಗುಳ್ಳ ಹೋಗ್ಲೇಬೇಕು. ತಿಳಿ ಹಸಿರು, ಮೈಮೇಲೆ ಬಿಳಿ ಗೆರೆ, ಗುಂಡಗೆ, ತೊಟ್ಟಿನಲ್ಲಿ ಮುಳ್ಳು. ಅದರ ಹಾಗೇ ಕಾಣುವ ಬೇರೆ ಊರಿನ ಗುಂಡು ಬದನೆಯನ್ನು ಗುಳ್ಳ ಅಂತ ಮಾರುವವರೂ ಇದ್ದಾರೆ, ಹಾಗಾಗಿ ಪರಿಚಯದವರ ಹತ್ರ ತಗೊಳ್ಳುದು ಒಳ್ಳೇದು. ನಿಜವಾದ ಗುಳ್ಳದ ಸಿಪ್ಪೆ ತೆಳು, ಬೇಯಿಸಿದ್ರೆ ಬೆಣ್ಣೆ ಹಾಗೆ ಕರಗ್ತದೆ, ಕಹಿ ಇಲ್ಲ.

ಇದಕ್ಕೆ ಬೋಳು ಹುಳಿ ಮಾಡಿ ನೋಡಿ, ತೆಂಗಿನಕಾಯಿ ಕೂಡ ಬೇಡ. ತೊಗರಿಬೇಳೆ ಬೇಯಿಸಿ, ದೊಡ್ಡ ಹೋಳು ಮಾಡಿ ನೀರಲ್ಲಿ ಹಾಕಿಟ್ಟ ಗುಳ್ಳ, ಹುಣಸೆಹುಳಿ, ಒಂದು ತುಂಡು ಬೆಲ್ಲ, ಸೀಳಿದ ಹಸಿಮೆಣಸು, ಉಪ್ಪು. ಒಗ್ಗರಣೆಗೆ ತೆಂಗಿನೆಣ್ಣೆ, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ, ಒಣಮೆಣಸು. ಮಠದ ಅಡುಗೆ ಆದ್ರೆ ಬೆಳ್ಳುಳ್ಳಿ ಬದ್ಲು ಇಂಗು. ಕುಚ್ಚಲಕ್ಕಿ ಅನ್ನಕ್ಕೆ ಬೇರೆ ಏನೂ ಬೇಡ.

ಸಿರ್ಸಿ ಮಾಣಿ

ಮೇಲೆ ಒಬ್ರು ಅಜ್ಜಿ ಹತ್ರ ಮಾವಿನ ಶುಂಠಿ ಇತ್ತು ಅಂದ್ರಲ್ಲ, ಬಿಡಬೇಡಿ, ತಂಬುಳಿ ಮಾಡಿ. ನೋಡೋಕೆ ಶುಂಠಿ ಥರ, ಮುರಿದು ಮೂಸಿದ್ರೆ ಮಾವಿನಕಾಯಿ ಘಮ. ಒಂದು ತುಂಡನ್ನ ಸಿಪ್ಪೆ ಹೆರೆದು, ಕಾಯಿತುರಿ, ಒಂದು ಹಸಿಮೆಣಸು, ಚೂರು ಜೀರಿಗೆ ಹಾಕಿ ರುಬ್ಬಿ ಮಜ್ಜಿಗೆಗೆ ಕಲೆಸೋದು, ಒಗ್ಗರಣೆ ಕೊಡೋದು. ಕುದಿಸೋದು ಇಲ್ಲ. ಕುದಿಸಿದ್ರೆ ಆ ವಾಸನೆ ಹೋಗೇ ಹೋಗ್ತು. ಉಳಿದದ್ದನ್ನ ತೆಳ್ಳಗೆ ಹೆಚ್ಚಿ ಉಪ್ಪು ನಿಂಬೆರಸದಲ್ಲಿ ಹಾಕಿಟ್ರೆ ಮೊಸರನ್ನಕ್ಕೆ ಬಹಳ ದಿನ ಬರತ್ತೆ. ಎರಡು ಗಡ್ಡೆ ಕುಂಡದಲ್ಲಿ ಹೂತಿಡಿ, ಮಳೆ ಬಿದ್ದಾಗ ತಾನೇ ಏಳ್ತು.

ನ್ಯೂಜೆರ್ಸಿ ಕನ್ನಡಿಗ

ಓದ್ತಾ ಓದ್ತಾ ಊರಿಗೇ ಬಂದಂಗಾಯ್ತು. ಇಲ್ಲಿ ಈಗ ಹಿಮ, ಫಾರ್ಮರ್ಸ್ ಮಾರ್ಕೆಟ್ ಎಲ್ಲಾ ಮುಚ್ಚಿದೆ, ಅಲ್ಲಲ್ಲಿ ಒಳಾಂಗಣದಲ್ಲಿ ನಡೆಯೋ ಕಡೆ ಕುಂಬಳ, ಬೀಟ್‌ರೂಟು, ಎಲೆಕೋಸು ಇಷ್ಟೇ. ಅವರೆಕಾಳು ಬೇಕು ಅನ್ನೋರಿಗೆ ಒಂದು ಮಾಹಿತಿ, ಇಂಡಿಯನ್ ಸ್ಟೋರಿನ ಫ್ರೀಜರಲ್ಲಿ "ಸೂರ್ತಿ ಪಾಪ್ಡಿ ಲಿಲ್ವಾ" ಅಂತ ಗುಜರಾತಿಯವರ ಪ್ಯಾಕೆಟ್ ಇರತ್ತೆ, ಅದೂ ಅವರೆ ಜಾತಿಯ ಕಾಳೇ. ಬಿಸಿನೀರಲ್ಲಿ ಹಾಕಿದ್ರೆ ಸಿಪ್ಪೆ ಸಲೀಸಾಗಿ ಜಾರತ್ತೆ. ಸೊಗಡು ನಿರೀಕ್ಷೆ ಮಾಡ್ಬೇಡಿ, ಆದ್ರೆ ಸಬ್ಸಿಗೆ ಇಲ್ಲಿ ಡಿಲ್ ಅಂತ ಎಲ್ಲಾ ಕಡೆ ತಾಜಾ ಸಿಗತ್ತೆ, ಅದನ್ನ ಧಾರಾಳವಾಗಿ ಹಾಕಿದ್ರೆ ಅಕ್ಕಿರೊಟ್ಟಿ ಚೆನ್ನಾಗೇ ಬರತ್ತೆ. ಬೇಸಿಗೇಲಿ ಹಿತ್ಲಲ್ಲಿ ಅವರೆ ಬಳ್ಳಿ ಹಬ್ಸಿದ್ವಿ, ಎಲೆ ಭರ್ತಿ ಬಂತು, ಹೂ ಬಿಡೋ ಹೊತ್ತಿಗೆ ಚಳಿ ಬಂದು ಮುಗೀತು. ಮೇಲೆ ಕೋಲಾರದವ್ರು ಹಗಲಿನ ಲೆಕ್ಕ ಹೇಳಿದ್ಮೇಲೆ ಕಾರಣ ಗೊತ್ತಾಯ್ತು. ಮುಂದಿನ ಸಲ ಯಾವ ಬೀಜ ಹಾಕ್ಲಿ ಸರ್?

ಕೋಲಾರದ ಹೊಲ

ಹಗಲಿನ ಹಂಗಿಲ್ಲದ ಗಿಡ್ಡ ತಳಿ ಹಾಕಿ, ಹಿಮ ಪೂರ್ತಿ ಹೋಗಿ ಮಣ್ಣು ಬೆಚ್ಚಗಾದ್ಮೇಲೆ ಬಿತ್ತಿ. ಬೀಜ ಕಳ್ಸೋದಕ್ಕೆ ಆ ದೇಶದ ರೂಲ್ಸ್ ಇರತ್ತೆ, ಅಲ್ಲೇ ಸಿಗೋ ಕಡೆ ವಿಚಾರಿಸಿ. ಬಳ್ಳಿ ಅವರೆ ನಿಮ್ ಕಡೆ ಅಂದಕ್ಕೆ ಬೆಳೀತಾರಂತೆ, ಊಟಕ್ಕೆ ಅಂತ ತಗೊಳೋವಾಗ ಅದು ಅಡುಗೆ ತಳೀನಾ ಕೇಳಿ ತಗೊಳ್ಳಿ. ಒಣಗಿದ ಕಾಳಾದ್ರೆ ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ ಚೆನ್ನಾಗಿ ಕುದಿಸ್ಲೇಬೇಕು, ಅರೆಬೆಂದದ್ದು ತಿನ್ಬಾರ್ದು.

ಇನ್ನೊಂದು ವಿಷ್ಯ ಇಲ್ಲಿರೋರಿಗೆ ಹೇಳ್ಬೇಕಿತ್ತು. ನಾಟಿ ಅವರೆ ಹಾಕಿದ್ರೆ ಹೊಲ ಆರು ತಿಂಗಳು ಹಿಡಿಯತ್ತೆ, ಮಾಲು ಎಲ್ರದ್ದೂ ಒಂದೇ ಸಲ ಮಾರ್ಕೆಟ್ಟಿಗೆ ಬರತ್ತೆ, ರೇಟು ಬೀಳತ್ತೆ. ಗಿಡ್ಡ ತಳಿ ಹಾಕಿದೋನು ಬೇರೆ ಟೈಮಲ್ಲಿ ಒಳ್ಳೆ ರೇಟಿಗೆ ಮಾರ್ತಾನೆ. ಹಂಗಾಗಿ ನಾಟಿ ಬಿಟ್ಟವ್ರನ್ನ ನಾನು ಬೈಯಲ್ಲ. ಆದ್ರೆ ನೀವು ಸೀಸನ್ನಲ್ಲಿ ಸೊಗಡು ನೋಡಿ, ಅದಕ್ಕೆ ನಾಲ್ಕು ರೂಪಾಯಿ ಜಾಸ್ತಿ ಕೊಟ್ಟು ತಗೊಂಡ್ರೆ, "ಮುಂದಿನ ವಾರಾನೂ ಇದೇ ತನ್ನಿ" ಅಂತ ಬಾಯ್ಬಿಟ್ಟು ಹೇಳಿದ್ರೆ, ನಾವು ಒಂದೆರಡು ಸಾಲಾದ್ರೂ ಉಳಿಸ್ಕೊತೀವಿ. ನಮ್ಮನೇಲಿ ಬೀಜ ಬೂದಿ ಕಲ್ಸಿ ಮಡಕೇಲಿ ಇನ್ನೂ ಇಟ್ಟಿದ್ದೀವಿ.

ವಿಜಯನಗರ ಅಡುಗೆಮನೆ

ಈ ಮಾತು ಎಲ್ರೂ ಓದ್ಬೇಕು ಸರ್. ನಾವು ಸಿನಿಮಾಗೆ ಕಾಫಿಗೆ ಲೆಕ್ಕ ನೋಡದೆ ಕೊಡ್ತೀವಿ, ಸಂತೇಲಿ ಕೂತಿರೋರ ಹತ್ರ ಐದು ರೂಪಾಯಿಗೆ ಚೌಕಾಸಿ ಮಾಡ್ತೀವಿ, ನಂಗೆ ಇದು ನಿಜವಾಗ್ಲೂ ಬೇಜಾರು. ಅವರೆಬೇಳೆ ಮೇಳಕ್ಕೆ ಹೋಗಿ ದೋಸೆ ಜಾಮೂನು ತಿನ್ನೋದು ಖುಷಿನೇ, ವಿ.ವಿ. ಪುರಂ ಬೀದೀಲಿ ಆಗ್ತಿದ್ದಾಗಿಂದ ಹೋಗ್ತಿದೀವಿ, ಆದ್ರೆ ಕಾಯಿ ಸುಲಿದು ಮನೇಲಿ ಮಾಡೋರು ಇದ್ರೇನೇ ಈ ಬೆಳೆ ಉಳಿಯೋದು.

ಹೊಸ ಒಲೆ

ಅಕ್ಕಾ ಉಪ್ಪಿಟ್ಟು ಮಾಡಿದೆ, ಸೂಪರ್ ಬಂತು, ರೂಮ್‌ಮೇಟ್ ಎರಡನೇ ಸಲ ಹಾಕಿಸ್ಕೊಂಡ. ಭಾನ್ವಾರ ರಜ ಇದೆ, ಹಿತಕಿದ ಬೇಳೆ ಕರೀಬೇಕು ಅಂತ ಆಸೆ, ಅಂಗಡಿ ಮಿಕ್ಸ್ಚರಲ್ಲಿ ಇರತ್ತಲ್ಲ ಆ ಥರ ಗರಿಗರಿ. ಹೆಂಗೆ?

ವಿಜಯನಗರ ಅಡುಗೆಮನೆ

ಮಾಡು. ಅದಕ್ಕೆ ಬಲಿತ ದಪ್ಪ ಕಾಳು ತಗೋ, ಎಳೇದು ಎಣ್ಣೇಲಿ ಚಪ್ಪಟೆ ಆಗತ್ತೆ. ಹಿತುಕಿದ ಮೇಲೆ ಬೇಳೆನ ಕಾಟನ್ ಬಟ್ಟೆ ಮೇಲೆ ಫ್ಯಾನ್ ಕೆಳಗೆ ಹರವು, ಮೇಲಿನ ಪಸೆ ಪೂರ್ತಿ ಹೋಗ್ಬೇಕು, ಆದ್ರೆ ಬಿಸಿಲಿಗೆ ಹಾಕ್ಬೇಡ, ಗಟ್ಟಿ ಆಗಿ ಹಲ್ಲಿಗೆ ಕಲ್ಲಾಗತ್ತೆ. ಎಣ್ಣೆ ಮಧ್ಯಮ ಉರಿ, ಒಂದು ಬೇಳೆ ಹಾಕಿದ್ರೆ ನಿಧಾನಕ್ಕೆ ಮೇಲೆ ಬರ್ಬೇಕು. ಒಂದು ಸಲಕ್ಕೆ ಒಂದೇ ಹಿಡಿ, ನೊರೆ ಉಕ್ಕತ್ತೆ ಹುಷಾರು, ಬಾಣಲೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬೇಡ. ಮೊದ್ಲು ಚರಚರ ಸದ್ದು ಜೋರಾಗಿರತ್ತೆ, ಅದು ನಿಂತು ನೊರೆ ಇಳಿದಾಗ ತೆಗೀಬೇಕು, ಬಣ್ಣ ಬರ್ಲಿ ಅಂತ ಕಾದ್ರೆ ಕಹಿ. ಬಿಸಿ ಇರೋವಾಗ್ಲೇ ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು. ಕರಿಬೇವು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ ಕೊನೇಲಿ ಅದೇ ಎಣ್ಣೇಲಿ ಕರಿದು ಸೇರ್ಸು. ಪೂರ್ತಿ ಆರಿದ್ಮೇಲೆ ಡಬ್ಬಿಗೆ ಹಾಕು. ಸಿಪ್ಪೆನ ಕಸಕ್ಕೆ ಹಾಕ್ಬೇಡ, ಬೀದಿಲಿ ಹಸು ಸಾಕಿರೋರು ಯಾರಾದ್ರೂ ಇದ್ರೆ ಕೊಟ್ಬಿಡು.